ಬಿಸಿಲು ಬಾರದ ಮನೆ ಬೇಕಾಗಿದೆ: ಮೌದಾಕ್ಕೆ ಹೊರಟವರಿಗೆ ಏಳು ಸೂತ್ರ

ಎನ್‌ಟಿಪಿಸಿಯ 2,320 ಮೆಗಾವಾಟ್ ಉಷ್ಣ ವಿದ್ಯುತ್ ಸ್ಥಾವರವಿರುವ ಊರು ಮಹಾರಾಷ್ಟ್ರದ ನಾಗಪುರ ಜಿಲ್ಲೆಯ ಮೌದಾ. ಕೆಲಸದ ಆರ್ಡರ್ ಬಂತು, ಕ್ವಾರ್ಟರ್ಸ್ ಸಿಗಲಿಲ್ಲ, ಸಂಘಮಿತ್ರ ಎಕ್ಸ್‌ಪ್ರೆಸ್ ಹತ್ತಿ ನಾಗಪುರದಲ್ಲಿ ಇಳಿದದ್ದಾಯಿತು ಎನ್ನುವ ಕನ್ನಡಿಗರ ತಲೆಯಲ್ಲಿ ಇನ್ನೂ ಬೆಂಗಳೂರಿನ ಬಾಡಿಗೆ ಲೆಕ್ಕವೇ ಇರುತ್ತದೆ. ಅದನ್ನು ರೈಲಿನಲ್ಲೇ ಬಿಟ್ಟು ಇಳಿಯಿರಿ.

1. ಮೊದಲು ಊರು, ಆಮೇಲೆ ಮನೆ. ಭಂಡಾರಾ ರಸ್ತೆಯಲ್ಲಿ ನಾಗಪುರದಿಂದ ಮೌದಾಕ್ಕೆ ಸುಮಾರು 35 ಕಿ.ಮೀ. ಮಕ್ಕಳ ಶಾಲೆ, ಸಂಗಾತಿಯ ಕೆಲಸ ಎಂದಾದರೆ ನಗರದ ಪೂರ್ವ ಭಾಗದ ಪಾರಡಿ, ವರ್ಧಮಾನ ನಗರದ ಕಡೆ ನೋಡಬಹುದು. ಆದರೆ ಭಂಡಾರಾ ರಸ್ತೆ ಲಾರಿಗಳ ಹೆದ್ದಾರಿ. ರಾತ್ರಿ ಪಾಳಿಯವರಿಗೆ ನನ್ನ ಮಾತು ಒಂದೇ: ಮೌದಾದಲ್ಲೇ ಇರಿ.

2. ಬೆಂಗಳೂರಿನಲ್ಲಿ 'ಬಿಸಿಲು ಬರುತ್ತದಾ?' ಎಂದು ಕೇಳುತ್ತಿದ್ದೆವು. ಇಲ್ಲಿ 'ಬರುವುದಿಲ್ಲ ತಾನೇ?' ಎಂದು ಕೇಳಬೇಕು. ಮೇ ತಿಂಗಳಲ್ಲಿ 45 ಡಿಗ್ರಿ ದಾಟುವ ಸೀಮೆ. ಮನೆ ನೋಡಲು ಬೆಳಗಿನ ತಂಪಿನಲ್ಲಿ ಹೋದರೆ ಮೋಸಹೋಗುತ್ತೀರಿ. ಮಧ್ಯಾಹ್ನ ಮೂರಕ್ಕೆ ಹೋಗಿ, ಪಶ್ಚಿಮದ ಗೋಡೆಗೆ ಅಂಗೈ ಇಟ್ಟು ನೋಡಿ.

3. ಮೇಲಿನ ಮಹಡಿಯಲ್ಲಿ ತಾರಸಿ ಕಾದು ರಾತ್ರಿಯಿಡೀ ಮನೆಯೊಳಗೆ ಸೆಕೆ ಬಿಡುತ್ತದೆ. ಹಾಗೆಂದು ಕಣ್ಣುಮುಚ್ಚಿ ನೆಲಮಹಡಿ ಹಿಡಿಯಬೇಡಿ. 2020ರ ಆಗಸ್ಟ್ ಕೊನೆಯಲ್ಲಿ ಕನ್ಹಾನ್ ನದಿ ಉಕ್ಕಿ ತಾಲೂಕಿನ ಹಳ್ಳಿಗಳಿಗೆ ನೀರು ನುಗ್ಗಿತ್ತು. ಓಣಿಗೆ ನೀರು ಬಂದಿತ್ತೇ ಎಂದು ಮನೆ ಮಾಲೀಕರನ್ನಲ್ಲ, ಎದುರಿನ ಕಿರಾಣಿ ಅಂಗಡಿಯವರನ್ನು ಕೇಳಿ.

4. ಕಿಟಕಿಗೆ ಕೂಲರ್ ಕೂರಿಸಲು ಸ್ಟ್ಯಾಂಡ್ ಇದೆಯೇ? ಅದಕ್ಕೆ ದಿನಾ ಸುರಿಯಲು ನೀರಿದೆಯೇ? ನಾಗಪುರ ಸೇರಿದ ವಿದರ್ಭದಲ್ಲಿ ಅಡುಗೆಮನೆಯಷ್ಟೇ ಮುಖ್ಯ ವಿಚಾರ ಇದು.

5. ಪ್ರತ್ಯೇಕ ಮೀಟರ್ ಇಲ್ಲದ ಮನೆ ಬೇಡ. ಇಲ್ಲಿನ ವಿದ್ಯುತ್ ಕಂಪನಿ ಮಹಾವಿತರಣದ ಮನೆಬಳಕೆ ದರ 100, 300, 500 ಯೂನಿಟ್‌ಗಳ ಮೆಟ್ಟಿಲಲ್ಲಿ ಏರುತ್ತದೆ. ಮೂರು ಸಂಸಾರಕ್ಕೆ ಒಂದೇ ಮೀಟರ್ ಇದ್ದರೆ ಎಲ್ಲರ ಯೂನಿಟ್ ಕೂಡಿ, ಮಿತವಾಗಿ ಬಳಸಿದವರಿಗೂ ಮೇಲಿನ ಮೆಟ್ಟಿಲಿನ ದರ ಬೀಳುತ್ತದೆ.

6. ಹೆಚ್ಚು ಜನ ಎಡವುವುದು ಕಾಗದಪತ್ರದಲ್ಲಿ. '11 ತಿಂಗಳಿಗೆ ಛಾಪಾಕಾಗದ ಸಾಕು, ರಿಜಿಸ್ಟರ್ ಬೇಡ' ಎಂಬ ನಮ್ಮೂರಿನ ರೂಢಿ ಇಲ್ಲಿ ನಡೆಯದು. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನಂತೆ ಬಾಡಿಗೆಗೆ ಇಲ್ಲಿ ಬರೆಯುವ 'ಲೀವ್ ಅಂಡ್ ಲೈಸೆನ್ಸ್' ಕರಾರು ಎಷ್ಟೇ ತಿಂಗಳದ್ದಾಗಿರಲಿ, ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಹೊಣೆ ಮಾಲೀಕರದ್ದು, ತಪ್ಪಿದರೆ ಅವರಿಗೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂ.ವರೆಗೆ ದಂಡ, ಇಲ್ಲವೇ ಎರಡೂ. ನೋಂದಾಯಿತ ಕರಾರು ಇಲ್ಲದೆ ತಕರಾರು ಎದ್ದರೆ, ಬೇರೆ ರೀತಿ ಸಾಬೀತಾಗುವವರೆಗೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದನ್ನೇ ಕಾಯ್ದೆ ನಂಬುತ್ತದೆ. ಇದನ್ನು ಮಾಲೀಕರಿಗೆ ಜಗಳದಂತಲ್ಲ, ನಗುತ್ತಲೇ ನೆನಪಿಸಿ. ಆಧಾರ್ ಮತ್ತು ಬೆರಳಚ್ಚು ಇದ್ದರೆ ಆನ್‌ಲೈನ್‌ನಲ್ಲೇ ಮುಗಿಯುವ ಕೆಲಸ. ಪೊಲೀಸರಿಗೆ ಬಾಡಿಗೆದಾರರ ಮಾಹಿತಿ ಕೊಡುವುದನ್ನೂ ಆಗಲೇ ಮುಗಿಸಿಕೊಳ್ಳಿ.

7. ಬೋರ್ಡಿನಲ್ಲಿ 'ಭಾಡ್ಯಾನೆ ದೇಣೆ ಆಹೆ' ಎಂದಿದ್ದರೆ ಗಾಬರಿಯಾಗಬೇಡಿ, ಅದು ನಮ್ಮ ಬಾಡಿಗೆಯದೇ ನೆಂಟಸ್ತಿಕೆಯ ಮಾತು. ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಭ್ಯಾಸದಿಂದ ನೀವಾಗಿಯೇ ದೊಡ್ಡ ಮೊತ್ತ ಬಾಯಿಬಿಡಬೇಡಿ. ಮೊದಲು ಅವರು ಹೇಳಲಿ. ಹಿರಿಯರಾದರೆ ಕಾಕಾ, ಕಾಕೂ ಎನ್ನಿ. ಮಾಂಸಾಹಾರಿಗಳೇ ಎಂಬ ಪ್ರಶ್ನೆ ಬಂದರೆ ಇದ್ದದ್ದನ್ನು ಅಂದೇ ಹೇಳಿಬಿಡಿ. ಸಾವಜಿ ಮಟನ್ ಹೆಸರಾದ ಜಿಲ್ಲೆಯೇನೋ ಹೌದು, ಆದರೆ ಅದು ಕೆಳಗಿನ ಮನೆಯವರ ಒಗ್ಗರಣೆಯಲ್ಲೂ ಇರಬೇಕೆಂದಿಲ್ಲ.