ಹೊನ್ನಾವರದ ಅಳಿವೆಯಲ್ಲಿ ಒಂದು ಹಗಲು

ಚರಿತ್ರೆಯ ಪಾಠದಲ್ಲಿ ಹೊನ್ನಾವರದ ಹೆಸರು ಬಂದಾಗಲೆಲ್ಲ ನಾವು ಅರಸರನ್ನೂ ಕರಿಮೆಣಸನ್ನೂ ನೆನೆಯುತ್ತೇವೆಯೇ ಹೊರತು ಅಲ್ಲಿಯ ನೀರನ್ನು ನೆನೆಯುವುದಿಲ್ಲ. 14ನೆಯ ಶತಮಾನದಲ್ಲಿ ಅಲ್ಲಿಗೆ ಬಂದಿದ್ದ ಇಬ್ನ್ ಬತೂತನು ಆ ಊರಿನಲ್ಲಿ ಹುಡುಗರಿಗೆ 23, ಹುಡುಗಿಯರಿಗೆ 13 ಶಾಲೆಗಳನ್ನು ಕಂಡುದಾಗಿ ಹೇಳಿದ್ದಾನೆ. (ಎರಡನೆಯ ಅಂಕಿಯನ್ನು ನಮ್ಮ ಸಹಪಾಠಿಗಳು ವಿಶೇಷವಾಗಿ ಗಮನಿಸಬೇಕು!) ದೊಡ್ಡ ಹಡಗುಗಳು ಅಳಿವೆಯೊಳಗೆ ಬರುತ್ತಿದ್ದುವೆಂದೂ ಅವನೇ ತಿಳಿಸುತ್ತಾನೆ. ಹಾಗೆ ಒಳಬರುವುದೆಂದರೆ ಏನೆಂಬುದು, ಕಳೆದ ಡಿಸೆಂಬರಿನಲ್ಲಿ ಹಾಯಿ ಕಟ್ಟಿದ ಹಳೆಯ ದೋಣಿಯೊಂದರಲ್ಲಿ ಕುಳಿತಾಗ ನನಗೆ ತಿಳಿಯಿತು.

ನೆಲವು ಬೇಗ ಕಾಯುತ್ತದೆ, ಬೇಗ ಆರುತ್ತದೆ. ನೀರು ಎರಡಕ್ಕೂ ನಿಧಾನ. ಆದ್ದರಿಂದ ಇರುಳು ನೆಲದಿಂದ ಕಡಲಿಗೆ, ಮಧ್ಯಾಹ್ನ ಕಡಲಿನಿಂದ ನೆಲಕ್ಕೆ ಗಾಳಿ ಬೀಸುತ್ತದೆ. ಪಾಠದಲ್ಲಿ ಇಷ್ಟೆ. ಹಾಯಿಯವನಿಗೆ ಇದು ಹೋಗುವ ಹೊತ್ತು, ಬರುವ ಹೊತ್ತು.

"ತಮಾ, ಗಾಳಿ ಒಂದೇ ಸಾಕಾಗೂದಿಲ್ಲ, ನೀರೂ ನೋಡ್ಬೇಕು" ಎಂದನು ನಮ್ಮ ತಾಂಡೇಲ. ಶರಾವತಿಯ ಬಾಯಲ್ಲಿ ಮರಳಿನ ದಿಬ್ಬವಿದೆ. ಇಳಿತದ ನೀರು ರಭಸದಿಂದ ಹೊರನುಗ್ಗಿ ಕಡಲ ಅಲೆಗೆ ಇದಿರಾದಾಗ, ಆ ದಿಬ್ಬದ ಮೇಲೆ ಅಲೆಗಳು ಕಡಿದಾಗಿ ಎದ್ದು ಮುರಿಯುತ್ತವೆ. ಅಂದು ಬೆಳಗಿನ 5.30ಕ್ಕೆ ನೀರು ತುಂಬಿತ್ತು. ಅದು ಇಳಿಯತೊಡಗಿ ಸೆಳೆತ ಬಲಿಯುವ ಮೊದಲೇ ನಾವು ದಾಟಿದೆವು. ಆ ಕೆಲವು ನಿಮಿಷಗಳಲ್ಲಿ ಯಾರೂ ಮಾತಾಡಲಿಲ್ಲ.

ಅನಂತರ ಬಡಗು-ಪಡುವಣಕ್ಕೆ, ಬಸವರಾಜದುರ್ಗದ ಕಡೆಗೆ ಸಾಗಿದೆವು. ನಡುಗಡ್ಡೆಯ ಆ ಕೋಟೆ ಕೆಳದಿಯವರ ಕಾಲದ್ದು. ಅಳಿವೆಯ ಹೊರಗೆ ಇಂಥ ಕಾವಲು ಏಕೆ ಬೇಕಾಯಿತೆಂಬುದು ನೀರಿನ ಮೇಲಿಂದ ನೋಡಿದರೆ ಸುಲಭವಾಗಿ ಅರ್ಥವಾಗುತ್ತದೆ. 10 ಗಂಟೆಗೆ ಗಾಳಿ ಸತ್ತು ಹಾಯಿ ಜೋತುಬಿತ್ತು, ಹುಟ್ಟು ಹಾಕಬೇಕಾಯಿತು. ಮಧ್ಯಾಹ್ನ ಕಡಲಗಾಳಿ ಎದ್ದಿತು. ಮೂರು ಗಂಟೆಗೇ ಅಳಿವೆಯ ಮುಂದಕ್ಕೆ ಬಂದೆವಾದರೂ ತಾಂಡೇಲ ಹಾಯಿ ಇಳಿಸಿ ಹೊರಗೇ ಕಾದನು. ಉಬ್ಬರವು ಇನ್ನೂ ಅರ್ಧದಲ್ಲಿತ್ತು. ದಿಬ್ಬದ ಮೇಲೆ ಸಾಕಷ್ಟು ಆಳವಿರಲಿಲ್ಲ. ಊರು ಕಣ್ಣಿಗೆ ಕಾಣುತ್ತಿದ್ದರೂ ಒಂದೂವರೆ ಗಂಟೆ ಹೊಯ್ದಾಡುತ್ತ ಕುಳಿತೆವು.

ಸರಕು ತುಂಬಿದ ಹಡಗುಗಳೂ ಹೀಗೆಯೇ ಕಾದಿರಬೇಕು. 1505ರಲ್ಲಿ ಪೋರ್ಚುಗೀಸರ ಅಲ್ಮೇಡನ ಪಡೆ ಇಲ್ಲಿಯ ಹಡಗುಗಳನ್ನು ಸುಟ್ಟಿತೆಂದು ಓದಿದ್ದೇವೆ. ಅಲೆಯಿಂದ ಕಾಯುವ ಅಳಿವೆ ಶತ್ರು ಬಾಯಲ್ಲಿ ನಿಂತಾಗ ಬೋನಾಗುತ್ತದೆ. ಕಡಲಿಗೆ ಬೇರೆ ಬಾಗಿಲಿಲ್ಲ. ಈ ಮಾತು ಪಠ್ಯಪುಸ್ತಕದಲ್ಲಿ ಒಂದು ಸಾಲಾದರೂ ಇರಬೇಕಿತ್ತೆಂದು ನನ್ನ ಅಭಿಪ್ರಾಯ.

ಜೂನಿನಲ್ಲಿ ನೈಋತ್ಯದ ಗಾಳಿ ಎದ್ದ ಮೇಲೆ ಗಾಳಿಯ ಈ ದಿನಚರಿಯೇ ಇರುವುದಿಲ್ಲ. ಹಾಯಿಹಡಗುಗಳ ಕಾಲದಲ್ಲಿ ಈ ತೀರದ ಬಂದರುಗಳು ಮಳೆಗಾಲವಿಡೀ ಮುಚ್ಚಿರುತ್ತಿದ್ದುವು. ಈಗ ದೋಣಿಗಳಿಗೆ ಯಂತ್ರ ಬಂದಿದೆ, ಗಾಳಿಗೆ ಕಾಯಬೇಕಾಗಿಲ್ಲ. ಮರಳು ಮಾತ್ರ ಅಲ್ಲಿಯೇ ಇದೆ. ಯಂತ್ರದ ದೋಣಿಗಳೂ ಆ ದಿಬ್ಬಕ್ಕೆ ಸಿಕ್ಕಿ ಮುಳುಗಿದ್ದುಂಟು.