ಮಗುವಿನ ಮೂಗಿನಲ್ಲಿ ರಕ್ತ ಬಂದರೆ

ದೆಹಲಿಯಲ್ಲಿ ಮಾರ್ಚ್-ಏಪ್ರಿಲ್ ಬಂತೆಂದರೆ ಪರಾಗದ ಕಾಟ. ಸಂಘದ ವೈದ್ಯಕೀಯ ನೆರವು ಸಮಿತಿಯಲ್ಲಿರುವ ವೈದ್ಯೆಯಾದ ನನಗೆ ಆಗೆಲ್ಲ ಒಂದೇ ಫೋನ್: "ಡಾಕ್ಟ್ರೇ, ಮಗು ಮೂಗಲ್ಲಿ ರಕ್ತ!"

ಮಗುವನ್ನು ಕೂರಿಸಿ, ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆತ್ತನೆಯ ಭಾಗವನ್ನು 10 ನಿಮಿಷ ಒತ್ತಿ ಹಿಡಿಯಿರಿ. ನಡುವೆ ಬಿಟ್ಟು ನೋಡಬೇಡಿ. ತಲೆ ಹಿಂದಕ್ಕೆ ಬಾಗಿಸಿದರೆ ರಕ್ತ ಗಂಟಲಿಗಿಳಿದು ವಾಂತಿಯಾಗುತ್ತದೆ. ಈರುಳ್ಳಿ ಮೂಸಿಸುವುದಂತೂ ಬೇಡವೇ ಬೇಡ.

ಅಲರ್ಜಿಗೆ ಕೊಡುವ ಸ್ಟೀರಾಯ್ಡ್ ಸ್ಪ್ರೇಯಿಂದಲೂ ರಕ್ತ ಬರಬಹುದು. ಮೂಗಿನ ನಡುಗೋಡೆಯ ಮುಂಭಾಗದಲ್ಲಿ ಸಣ್ಣ ರಕ್ತನಾಳಗಳ ಜಾಲವಿದೆ. ಸ್ಪ್ರೇ ನೇರ ಅಲ್ಲಿಗೇ ಬಿದ್ದರೆ ತೆಳು ಪೊರೆ ಒಣಗಿ ಬಿರಿಯುತ್ತದೆ. ಬಲಗೈಯಿಂದ ಎಡ ಹೊಳ್ಳೆಗೆ, ಎಡಗೈಯಿಂದ ಬಲ ಹೊಳ್ಳೆಗೆ ಹಾಕಿಸಿ. ತುದಿ ತಾನಾಗಿ ಕಿವಿಯ ಕಡೆಗೆ ತಿರುಗುತ್ತದೆ. ಆದರೂ ರಕ್ತ ಬಂದರೆ ಬರೆದುಕೊಟ್ಟ ವೈದ್ಯರನ್ನು ಕೇಳಿ, ಔಷಧಿ ಅಂಗಡಿಯವರನ್ನಲ್ಲ.

20 ನಿಮಿಷ ಒತ್ತಿದರೂ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ. ಮೈಮೇಲೆ ಕಾರಣವಿಲ್ಲದೆ ನೀಲಿ ಕಲೆ, ವಸಡಿನಲ್ಲೂ ರಕ್ತ ಕಂಡರೆ ಅಲರ್ಜಿಯೆಂದು ಸುಮ್ಮನಿರಬೇಡಿ. ಅಂದೇ ವೈದ್ಯರಿಗೆ ತೋರಿಸಿ ರಕ್ತಪರೀಕ್ಷೆ ಮಾಡಿಸಿ. ಆ ಖರ್ಚಿಗೆ ಹಿಂಜರಿಯುವ ಮನೆಗಳು ನಮ್ಮಲ್ಲೇ ಇವೆ. ದಾನಿಗಳು ಕೊಟ್ಟ ನಿಧಿ ಇರುವುದು ಅವರಿಗಾಗಿಯೇ. ವೈದ್ಯರ ಚೀಟಿ ತಂದರೆ ಸಾಕು.