ನೆಲದಡಿಯ ಗಣಿಯೂ ನೆಲದ ಋಣವೂ

ತೆರೆದ ಗಣಿಯು ಬೆಟ್ಟವನ್ನೇ ಕಡಿದುಹಾಕುತ್ತದೆ; ಆದುದರಿಂದ ಅದರ ಕೆಡುಕು ಯಾರ ಕಣ್ಣಿಗಾದರೂ ಬೀಳುತ್ತದೆ. ನೆಲದಡಿಯ ಗಣಿ ಹಾಗಲ್ಲ. ಮೇಲೆ ಒಂದು ಇಳಿಬಾವಿ, ಅದರ ಮೇಲೊಂದು ರಾಟೆಯ ಗೋಪುರ, ಸುತ್ತ ಕೆಲವು ಕಟ್ಟಡಗಳು, ಇಷ್ಟೇ ಕಾಣುವುದರಿಂದ ಇದರಿಂದ ಭೂಮಿಗೆ ಹೆಚ್ಚಿನ ಹಾನಿಯಿಲ್ಲವೆಂದು ಅನೇಕರು ಭಾವಿಸುತ್ತಾರೆ. ಈ ಭಾವನೆ ಎಷ್ಟರಮಟ್ಟಿಗೆ ಸರಿ, ಇಂತಹ ಗಣಿಗೆ ಅನುಮತಿ ಕೊಡುವಾಗಲೇ ಭೂಮಿಯ ಪುನರುದ್ಧಾರವನ್ನೂ ಏಕೆ ಯೋಚಿಸಬೇಕು ಎಂಬುದನ್ನು ಕೋಲಾರದ ಚಿನ್ನದ ಗಣಿಗಳ ಉದಾಹರಣೆಯಿಂದ ವಿಚಾರ ಮಾಡಬಯಸುತ್ತೇನೆ.

ಮೊದಲು ಒಂದು ಸಣ್ಣ ಲೆಕ್ಕ. ಒಂದು ಟನ್ ಅದಿರಿನಲ್ಲಿ ಐದು ಗ್ರಾಮ್ ಚಿನ್ನವಿದೆಯೆಂದು ಇಟ್ಟುಕೊಳ್ಳೋಣ. ಚಿನ್ನ ತೆಗೆದ ಮೇಲೆ ಉಳಿಯುವುದು 9,99,995 ಗ್ರಾಮ್ ಕಲ್ಲಿನ ಪುಡಿ. ಅದು ಹಿಟ್ಟಿನಂತೆ ನುಣ್ಣಗೆ ಅರೆದದ್ದು; ಚಿನ್ನವನ್ನು ಕರಗಿಸಲು ಬಳಸಿದ ಸೈನೈಡಿನ ಸಂಸರ್ಗ ಪಡೆದದ್ದು. ಕೋಲಾರದಲ್ಲಿ 1880ರಿಂದ ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ಆಡಳಿತದಲ್ಲಿ ಬೆಳೆದ ಗಣಿಗಳು 3 ಕಿಲೋಮೀಟರಿಗೂ ಮಿಗಿಲಾದ ಆಳಕ್ಕೆ ಇಳಿದವು. ಸುಮಾರು 800 ಟನ್ ಚಿನ್ನ ಹೊರಬಂದಿತು. ಚಿನ್ನ ಊರು ಬಿಟ್ಟು ಹೋಯಿತು. ಪುಡಿ ಮಾತ್ರ ಊರಿನಲ್ಲಿಯೇ ಉಳಿಯಿತು. ಜನ ‘ಸೈನೈಡ್ ದಿಬ್ಬ’ ಎಂದು ಕರೆಯುವ 13 ರಾಶಿಗಳು ಇಂದು ಸುಮಾರು 1,003 ಎಕರೆ ನೆಲವನ್ನು ಆಕ್ರಮಿಸಿವೆ. ಅವುಗಳ ತೂಕ ಮೂರು ಕೋಟಿ ಟನ್ನಿಗೂ ಹೆಚ್ಚು. ಅಂದಮೇಲೆ ನೆಲದಡಿಯ ಗಣಿಯು ನೆಲವನ್ನು ಮುಟ್ಟುವುದಿಲ್ಲವೆನ್ನುವುದು ಸಲ್ಲದು.

ಈಗಿನ ಕಾನೂನಿನಂತೆ ಗಣಿ ತೆರೆಯಲು ಹಲವು ಮೆಟ್ಟಿಲುಗಳನ್ನು ಹತ್ತಬೇಕು. 1957ರ ಗಣಿ ಮತ್ತು ಖನಿಜ ಅಧಿನಿಯಮದ ಪ್ರಕಾರ ಗಣಿಗುತ್ತಿಗೆ ಪಡೆಯಬೇಕು. ಭಾರತೀಯ ಗಣಿ ಬ್ಯೂರೋ ಗಣಿಗಾರಿಕೆಯ ಯೋಜನೆಯನ್ನು ಒಪ್ಪಬೇಕು. 2006ರ ಅಧಿಸೂಚನೆಯಂತೆ ಪರಿಸರದ ಪರಿಣಾಮವನ್ನು ಅಳೆದು, ಅಗತ್ಯವಿದ್ದಲ್ಲಿ ಸುತ್ತಲಿನ ಜನರ ಅಹವಾಲನ್ನು ಬಹಿರಂಗ ಸಭೆಯಲ್ಲಿ ಕೇಳಿ, ಪರಿಸರ ಅನುಮತಿ ಪಡೆಯಬೇಕು. ಜಲ, ವಾಯುಗಳ ವಿಷಯದಲ್ಲಿ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಬೇಕು. ಕಾರ್ಮಿಕರ ಸುರಕ್ಷತೆಯನ್ನು ಗಣಿ ಸುರಕ್ಷತಾ ಮಹಾನಿರ್ದೇಶನಾಲಯ ನೋಡಿಕೊಳ್ಳುತ್ತದೆ.

ಇವೆಲ್ಲದರ ಜೊತೆಗೆ ಗಣಿ ಮುಚ್ಚುವ ಯೋಜನೆಯನ್ನೂ ಒಪ್ಪಿಸಬೇಕು. ಇದರಲ್ಲಿ ಎರಡು ಬಗೆ. ಗಣಿ ನಡೆಯುತ್ತಿರುವಾಗಲೇ ಹಂತಹಂತವಾಗಿ ನಡೆಸಬೇಕಾದ ಕೆಲಸಗಳದು ಒಂದು. ಕಟ್ಟಕಡೆಯಲ್ಲಿ ಮಾಡಬೇಕಾದದ್ದು ಇನ್ನೊಂದು. ಟೊಳ್ಳಾದ ಜಾಗಗಳನ್ನು ತುಂಬಿ ನೆಲ ಕುಸಿಯದಂತೆ ಮಾಡುವುದು ಹೇಗೆ? ಇಳಿಬಾವಿಗಳ ಬಾಯಿಯನ್ನು ಭದ್ರಪಡಿಸುವವರು ಯಾರು? ಪಂಪುಗಳು ನಿಂತು ಸುರಂಗಗಳಲ್ಲಿ ನೀರು ತುಂಬಿದಾಗ ಸುತ್ತಲಿನ ಬಾವಿಗಳ ಗತಿ ಏನು? ಕೆಲಸ ಕಳೆದುಕೊಳ್ಳುವವರಿಗೆ ದಾರಿ ಯಾವುದು? ಈ ಪ್ರಶ್ನೆಗಳಿಗೆಲ್ಲ ಅಲ್ಲಿ ಉತ್ತರವಿರಬೇಕು. ಮಾತು ತಪ್ಪದಂತೆ ಗಣಿಯವರು ಹಣದ ಭದ್ರತೆಯನ್ನೂ ಇಡಬೇಕು.

ಈ ನಿಯಮ ಬಂದದ್ದು 2003ರಲ್ಲಿ. ಕೋಲಾರದ ಗಣಿಗಳು ಮುಚ್ಚಿದ್ದು 2001ರ ಫೆಬ್ರವರಿ 28ರಂದು. ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಂತಾಯಿತು. ಗಾಳಿ ಬೀಸಿದಾಗ ದಿಬ್ಬಗಳ ಧೂಳು ಮನೆಮನೆಗೂ ನುಗ್ಗುತ್ತದೆ. ಮಳೆ ಬಂದಾಗ ಪುಡಿ ಕೊಚ್ಚಿಹೋಗಿ ತಗ್ಗುಗಳಲ್ಲಿ ತಂಗುತ್ತದೆ.

ಆ ದಿಬ್ಬಗಳ ಮೇಲೆ ಗಿಡ ನೆಟ್ಟರಾಗದೆ ಎಂದು ಕೇಳಬಹುದು. ಕಲ್ಲಿನ ಪುಡಿ ಮಣ್ಣಲ್ಲ. ಅದರಲ್ಲಿ ಕೊಳೆತ ಎಲೆಯ ಸತ್ತ್ವವಿಲ್ಲ, ಗಿಡಕ್ಕೆ ಬೇಕಾದ ಸಾರಜನಕವಿಲ್ಲ. ಮೊದಲು ಇಳಿಜಾರನ್ನು ತಗ್ಗಿಸಬೇಕು, ಬುಡದಲ್ಲಿ ತಡೆಗೋಡೆ ಕಟ್ಟಬೇಕು, ಮೇಲೆ ಒಳ್ಳೆಯ ಮಣ್ಣು ಹೊದಿಸಿ ಗೊಬ್ಬರ ಹಾಕಬೇಕು. ಹುಲ್ಲು ಬೇರುಬಿಟ್ಟ ಮೇಲೆ ಹೊಂಗೆಯಂತಹ, ಬೇರುಗಂಟುಗಳಲ್ಲಿ ಸಾರಜನಕ ಕೂಡಿಸುವ ಮರಗಳನ್ನು ಬೆಳೆಸಬೇಕು. ಗಣಿ ತೆರೆಯುವಾಗ ಮೇಲ್ಮಣ್ಣನ್ನು ತೆಗೆದು ಕಾಪಾಡಿದ್ದರೆ ಈ ಕೆಲಸ ಸುಲಭ. ಇಲ್ಲವಾದರೆ ಬೇರೆ ಹೊಲದ ಮಣ್ಣನ್ನು ತರಬೇಕಾಗುತ್ತದೆ. ಯೋಜನೆ ಆರಂಭದಲ್ಲಿಯೇ ಇರಬೇಕೆನ್ನುವುದು ಇದಕ್ಕಾಗಿಯೇ.

2024ರ ಜೂನ್ ತಿಂಗಳಿನಲ್ಲಿ ರಾಜ್ಯ ಸಚಿವ ಸಂಪುಟವು ಈ 13 ದಿಬ್ಬಗಳಲ್ಲಿ ಮತ್ತೆ ಚಿನ್ನ ಹುಡುಕುವ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟಿತು. ಚಿನ್ನ ದೊರೆತರೆ ಸಂತೋಷವೇ. ಆದರೆ ಟನ್ನಿಗೆ ಒಂದು ಗ್ರಾಮ್ ಸಿಕ್ಕರೂ ಉಳಿದ ಪುಡಿಯ ತೂಕ ಹೆಚ್ಚುಕಡಿಮೆ ಮೊದಲಿನಷ್ಟೇ. ಅದನ್ನು ಎಲ್ಲಿ ಹಾಕಬೇಕು, ಯಾವ ಹೊದಿಕೆ ಹೊದಿಸಬೇಕು, ಎಷ್ಟು ವರ್ಷ ಕಾಯಬೇಕು, ಹಣ ಯಾರದು ಎಂಬುದು ಅನುಮತಿಪತ್ರದಲ್ಲಿಯೇ ಸ್ಪಷ್ಟವಾಗಿರಬೇಕೆಂದು ನನ್ನ ಅಭಿಪ್ರಾಯ. ಹಾಗಾಗದಿದ್ದರೆ ಅದೇ ಧೂಳನ್ನು ಎರಡನೆಯ ಬಾರಿ ಎಬ್ಬಿಸಿದಂತಾಗುತ್ತದೆ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಇಂದಿಗೂ ಚಿನ್ನದ ಗಣಿ ನಡೆಯುತ್ತಿದೆ. ಅಲ್ಲಿನ ಅದಿರೂ ಒಂದು ದಿನ ತೀರುವುದೇ. ಗಣಿ ಹಣ ತರುತ್ತಿರುವಾಗಲೇ ನೆಲದ ಸಾಲ ತೀರಿಸುವುದು ಸಾಧ್ಯ. ರಾಟೆ ನಿಂತ ಮೇಲೆ ಸಾಲಗಾರನೂ ಇರುವುದಿಲ್ಲ, ಜಾಮೀನೂ ಇರುವುದಿಲ್ಲ. ಬಹಿರಂಗ ಸಭೆಗಳಲ್ಲಿ ನೌಕರಿ ಎಷ್ಟು ಎಂದು ಕೇಳುವಂತೆಯೇ, ಮುಚ್ಚುವ ಯೋಜನೆ ಎಲ್ಲಿ ಎಂದೂ ಕೇಳುವುದನ್ನು ವಿದ್ಯಾವಂತರಾದ ನಾವು ರೂಢಿ ಮಾಡಿಕೊಳ್ಳಬೇಕು.